ದಿ ಗರ್ಲ್ ಆನ್ ದ ಟ್ರೈನ್: ಓದಬೇಕಾ, ಕೇಳಬೇಕಾ, ಇಂಗ್ಲಿಷಲ್ಲಿ ನೋಡಬೇಕಾ, ಹಿಂದಿಯಲ್ಲಾ?

ಒಂದೇ ಕಥೆ, ನಾಲ್ಕು ರೂಪ. 2015ರ ಜನವರಿಯಲ್ಲಿ ಬಂದ ಪಾಲಾ ಹಾಕಿನ್ಸ್ ಅವರ ಕಾದಂಬರಿ ಮೊದಲನೆಯದು. ಅದನ್ನೇ ಓದಿ ರೆಕಾರ್ಡ್ ಮಾಡಿದ ಆಡಿಯೋ ಬುಕ್ ಇನ್ನೊಂದು. ಆಮೇಲೆ 2016ರ ಹಾಲಿವುಡ್ ಸಿನಿಮಾ, 2021ರ ಹಿಂದಿ ಸಿನಿಮಾ. ನಾಲ್ಕಕ್ಕೂ ಹೆಸರು ಅದೇ. ಇದರಿಂದ ಬಳ್ಳಾರಿಯ ನಮ್ಮ ಗೆಳೆಯರ ಗುಂಪಿನಲ್ಲಿ ಮಾತು ಬಂದಾಗಲೆಲ್ಲ ತಮಾಷೆ ನಡೆಯುತ್ತದೆ. ಒಬ್ಬ ಚೆನ್ನಾಗಿದೆ ಅನ್ನುತ್ತಾನೆ, ಇನ್ನೊಬ್ಬ ತಲೆನೋವು ಅನ್ನುತ್ತಾನೆ, ಒಂದು ಪ್ಲೇಟ್ ವಗ್ಗರಣಿ ಮಿರ್ಚಿ ಖಾಲಿಯಾಗುವ ತನಕ ವಾದ ಮಾಡಿದ ಮೇಲೆ ಗೊತ್ತಾಗುತ್ತದೆ, ಇಬ್ಬರೂ ನೋಡಿದ್ದು ಬೇರೆ ಬೇರೆ ಸಿನಿಮಾ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಇಂಗ್ಲಿಷ್ ಓದು ಅಲ್ಪಸ್ವಲ್ಪ ರೂಢಿ ಇದ್ದರೂ ಸಾಕು, ಪುಸ್ತಕ ಓದಿ. ಓದುವುದಕ್ಕೆ ಮುಂಚೆ ಎರಡೂ ಸಿನಿಮಾ ಮುಟ್ಟಬೇಡಿ. ಯಾಕೆ ಅನ್ನುವುದನ್ನೇ ಕೆಳಗೆ ಬರೆದಿದ್ದೇನೆ. ಕೊಲೆ ಮಾಡಿದವರು ಯಾರು ಅಂತ ಎಲ್ಲೂ ಹೇಳಿಲ್ಲ, ಧೈರ್ಯವಾಗಿ ಓದಬಹುದು.

ಕಥೆ ಏನಪ್ಪಾ ಅಂದರೆ

ರೇಚಲ್ ಅಂತ ಒಬ್ಬಳು. ಗಂಡ ಬಿಟ್ಟಿದ್ದಾನೆ. ಕುಡಿತ ಹತ್ತಿದೆ. ದಿನಾ ಬೆಳಿಗ್ಗೆ 8.04ರ ಲೋಕಲ್ ಟ್ರೈನಿನಲ್ಲಿ ಲಂಡನ್ನಿಗೆ ಹೋಗುತ್ತಾಳೆ, ಸಂಜೆ ವಾಪಸ್ಸು. ಅಸಲಿಗೆ ಅವಳ ಕೆಲಸ ಹೋಗಿ ತಿಂಗಳುಗಳೇ ಆಗಿವೆ. ಜೊತೆಗಿರುವ ಗೆಳತಿಗೆ ಗೊತ್ತಾಗಬಾರದು ಅಂತ ಸುಮ್ನೆ ಓಡಾಡುತ್ತಿದ್ದಾಳೆ. ದಾರಿಯಲ್ಲಿ ಒಂದು ಕೆಂಪು ಸಿಗ್ನಲ್ಲಿಗೆ ಟ್ರೈನ್ ನಿಲ್ಲುತ್ತದೆ. ಹಳಿಯ ಪಕ್ಕದಲ್ಲೇ 15ನೇ ನಂಬರಿನ ಮನೆ. ಅಲ್ಲಿನ ಗಂಡ ಹೆಂಡತಿಯನ್ನು ಕಿಟಕಿಯಿಂದ ನೋಡುತ್ತಾ ನೋಡುತ್ತಾ ಇವಳೇ ಅವರಿಗೆ ಹೆಸರಿಟ್ಟು, ಉದ್ಯೋಗ ಕೊಟ್ಟು, ಎಂಥ ಪ್ರೀತಿಯ ಸಂಸಾರ ಅಂತ ತನ್ನಷ್ಟಕ್ಕೆ ಕಥೆ ಕಟ್ಟಿಕೊಂಡಿದ್ದಾಳೆ. ಅದೇ ಬೀದಿಯ 23ನೇ ನಂಬರಿನಲ್ಲಿ ಮೊದಲು ಇವಳೇ ಇದ್ದಳು. ಈಗ ಅಲ್ಲಿ ಮಾಜಿ ಗಂಡ, ಅವನ ಹೊಸ ಹೆಂಡತಿ, ಅವರ ಮಗು.

ಒಂದು ದಿನ ಆ 15ನೇ ನಂಬರಿನ ಹೆಂಗಸು, ನಿಜವಾದ ಹೆಸರು ಮೇಗನ್, ಕಾಣೆಯಾಗುತ್ತಾಳೆ. ಆ ರಾತ್ರಿ ರೇಚಲ್ ಕೂಡ ಅದೇ ಬೀದಿಯಲ್ಲಿದ್ದಳು. ವಿಪರೀತ ಕುಡಿದಿದ್ದಳು. ಬೆಳಿಗ್ಗೆ ಎದ್ದಾಗ ತಲೆಯಲ್ಲಿ ಗಾಯ, ಏನು ನಡೆಯಿತು ಅನ್ನುವುದೇ ನೆನಪಿಲ್ಲ.

ಹೊಸಪೇಟೆಗೂ ಬಳ್ಳಾರಿಗೂ ಟ್ರೈನಿನಲ್ಲಿ ಓಡಾಡುವವರಿಗೆ, ಅಥವಾ ರಾಯಚೂರಿನಿಂದ ಗುಂತಕಲ್ ಕಡೆ ಹೋಗಿಬರುವವರಿಗೆ ಈ ಕಿಟಕಿಯ ಚಟವನ್ನು ವಿವರಿಸಬೇಕಿಲ್ಲ. ತೋರಣಗಲ್ಲಿನ ಹತ್ತಿರ ಅದಿರೋ ಕಲ್ಲಿದ್ದಲೋ ತುಂಬಿದ ಗೂಡ್ಸ್ ಹೋಗಲಿ ಅಂತ ನಮ್ಮ ಪ್ಯಾಸೆಂಜರನ್ನು ನಿಲ್ಲಿಸಿದರೆ, ಎದುರಿನ ಮನೆಯ ಹಿತ್ತಲಲ್ಲಿ ಯಾರು ಬಟ್ಟೆ ಒಣಗಿಸುತ್ತಾರೆ, ಯಾರು ಯಾರ ಮೇಲೆ ರೇಗುತ್ತಾರೆ ಎಲ್ಲಾ ಕಾಣುತ್ತದೆ. ನೋಡುವುದು ಎರಡೇ ನಿಮಿಷ, ಕಟ್ಟುವ ಕಥೆ ಮಾತ್ರ ಊರು ಬರುವ ತನಕ. ಕಾದಂಬರಿ ನಿಂತಿರುವುದೇ ಈ ಚಟದ ಮೇಲೆ.

ಪುಸ್ತಕ

ಕಥೆಯನ್ನು ಮೂರು ಹೆಂಗಸರು ಹೇಳುತ್ತಾರೆ. ರೇಚಲ್, ಮೇಗನ್, ಆಮೇಲೆ ಮಾಜಿ ಗಂಡನ ಹೊಸ ಹೆಂಡತಿ ಆನಾ. ಡೈರಿಯ ಹಾಗೆ ತಾರೀಕು, ಅದರ ಕೆಳಗೆ ಬೆಳಿಗ್ಗೆ ಅಥವಾ ಸಂಜೆ. ರೇಚಲ್ ಭಾಗ 2013ರ ಜುಲೈನಲ್ಲಿ ಶುರುವಾಗುತ್ತದೆ. ಮೇಗನ್ ಭಾಗ 2012ರ ಮೇ ತಿಂಗಳಲ್ಲಿ. ಅಂದರೆ ಒಂದು ಕಡೆ ಅವಳು ಕಾಣೆಯಾಗಿದ್ದಾಳೆ, ಇನ್ನೊಂದು ಕಡೆ ಅವಳೇ ಒಂದು ವರ್ಷ ಹಿಂದಿನಿಂದ ನಮ್ಮ ಕಡೆಗೆ ನಡೆದು ಬರುತ್ತಿದ್ದಾಳೆ. ಎರಡೂ ದಾರಿ ಎಲ್ಲಿ ಕೂಡುತ್ತವೆ ಅಂತ ನಮಗೆ ಗೊತ್ತು, ಹೇಗೆ ಕೂಡುತ್ತವೆ ಅನ್ನುವುದು ಗೊತ್ತಿಲ್ಲ. ಅದಕ್ಕೇ ಪುಟ ತಿರುಗುತ್ತದೆ. ತಾರೀಕು ನೋಡದೆ ಓಡಿಸಿದರೆ ಐವತ್ತು ಪುಟದಲ್ಲಿ ಗೊಂದಲ ಗ್ಯಾರಂಟಿ.

ನಿಜವಾದ ಮಜಾ ಬೇರೆ ಇದೆ. ರೇಚಲ್ ಹೇಳುವುದನ್ನು ನಂಬಬೇಕೋ ಬೇಡವೋ ಅನ್ನುವುದು. ಅವಳು ಸುಳ್ಳುಗಾತಿ ಅಲ್ಲ, ಆದರೆ ಅವಳ ನೆನಪೇ ತೂತು. ನಾವು ಅವಳ ತಲೆಯೊಳಗೆ ಕೂತಿದ್ದೇವೆ, ಅವಳಿಗೆ ಕಾಣದ್ದು ನಮಗೂ ಕಾಣುವುದಿಲ್ಲ. ಆ ರಾತ್ರಿಯ ಬಗ್ಗೆ ಅವಳಿಗೆ ಒಂದು ಶಬ್ದ ನೆನಪಾದರೆ ನಮಗೂ ಅಷ್ಟೇ ಸಿಗುತ್ತದೆ. ಇವಳೇ ಏನಾದರೂ ಮಾಡಿರಬಹುದಾ ಅನ್ನುವ ಅನುಮಾನ ಅವಳಿಗೂ ಇದೆ, ನಮಗೂ ಇದೆ. ಹಳೇ ಪತ್ತೇದಾರಿ ಕಾದಂಬರಿ ಓದಿ ಬೆಳೆದವರಿಗೆ ಇದು ಹೊಸ ಅನುಭವ. ಅಲ್ಲಿ ಬುದ್ಧಿವಂತ ಪತ್ತೇದಾರ ಎಲ್ಲಾ ಸುಳಿವು ಜೋಡಿಸುತ್ತಾನೆ. ಇಲ್ಲಿ ಹುಡುಕುವವಳಿಗೇ ತನ್ನ ಮೇಲೆ ನಂಬಿಕೆ ಇಲ್ಲ, ಪೊಲೀಸರಿಗಂತೂ ಅವಳು ಒಬ್ಬ ಕುಡುಕಿ, ಅಷ್ಟೇ.

ಕೊರತೆಗಳೂ ಇವೆ. ನಡುವೆ ಒಂದಷ್ಟು ಪುಟ ಎಳೆಯುತ್ತದೆ. ರೇಚಲ್ ಇವತ್ತಿನಿಂದ ಕುಡಿಯುವುದಿಲ್ಲ ಅನ್ನುತ್ತಾಳೆ, ಸಂಜೆ ಕುಡಿಯುತ್ತಾಳೆ, ಮಾಜಿ ಗಂಡನಿಗೆ ಫೋನ್ ಮಾಡಿ ಅಳುತ್ತಾಳೆ, ಮಾರನೇ ದಿನ ಮತ್ತದೇ. ಮನೆಯಲ್ಲಿ ಕುಡುಕರನ್ನು ನೋಡಿದವರಿಗೆ ಇದು ಎಷ್ಟು ನಿಜ ಅಂತ ಗೊತ್ತಾಗುತ್ತದೆ, ಉಳಿದವರಿಗೆ ಬೇಜಾರಾಗಬಹುದು. ಇನ್ನೊಂದು, ಮೂರು ಜನ ಮಾತಾಡುವ ಧಾಟಿ ಹೆಚ್ಚು ಕಡಿಮೆ ಒಂದೇ. ಮೇಲೆ ಹೆಸರು ಬರೆಯದಿದ್ದರೆ ಕೆಲವು ಕಡೆ ಯಾರು ಮಾತಾಡುತ್ತಿದ್ದಾರೆ ಅಂತ ಹೇಳುವುದು ಕಷ್ಟ.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಚಿಕ್ಕ ವಾಕ್ಯ, ದಿನಬಳಕೆಯ ಮಾತು. ಕನ್ನಡ ಮೀಡಿಯಂನಲ್ಲಿ ಓದಿ ಆಮೇಲೆ ಡಿಗ್ರಿಯಲ್ಲಿ ಇಂಗ್ಲಿಷ್ ಪತ್ರಿಕೆ ಹಿಡಿದವರು ಡಿಕ್ಷನರಿ ಇಲ್ಲದೆ ಮುಗಿಸಬಹುದು. ಒಂದೊಂದು ದಿನದ ಬರಹ ಕೆಲವೇ ಪುಟ, ಹಾಗಾಗಿ ಕೊಪ್ಪಳದಿಂದ ಹೊಸಪೇಟೆಗೆ ಹೋಗುವಷ್ಟರಲ್ಲಿ ಎರಡು ಮೂರು ಆಗುತ್ತವೆ.

ಆಡಿಯೋ ಬುಕ್

ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕು. ಮೂರು ಪಾತ್ರಕ್ಕೆ ಮೂವರು ಬೇರೆ ಬೇರೆ ಕಲಾವಿದೆಯರು ಓದಿದ್ದಾರೆ: ಕ್ಲೇರ್ ಕಾರ್ಬೆಟ್, ಲೂಯಿಸ್ ಬ್ರೀಲಿ, ಇಂಡಿಯಾ ಫಿಶರ್. ಪುಸ್ತಕದಲ್ಲಿ ಮೂರೂ ದನಿ ಒಂದೇ ಥರ ಅಂದೆನಲ್ಲ, ಆ ಕೊರತೆ ಇಲ್ಲಿ ಹೋಗುತ್ತದೆ. ಒಟ್ಟು ಸುಮಾರು 11 ಗಂಟೆ. ಬಳ್ಳಾರಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬಂದರೆ ಹೆಚ್ಚು ಕಡಿಮೆ ಮುಗಿಯುತ್ತದೆ.

ತೊಂದರೆ ಎರಡು. ತಾರೀಕು ಕಿವಿಗೆ ಬಿದ್ದು ಹಾಗೇ ಹಾರಿಹೋಗುತ್ತದೆ, ಪುಟ ಹಿಂದೆ ತಿರುಗಿಸಿದಷ್ಟು ಸುಲಭವಾಗಿ ಹಿಂದೆ ಹೋಗಲು ಆಗುವುದಿಲ್ಲ. ಆಮೇಲೆ ಬ್ರಿಟಿಷ್ ಉಚ್ಚಾರ. ಇಂಗ್ಲಿಷ್ ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡುವ ಅಭ್ಯಾಸ ಇಲ್ಲ ಅಂದರೆ ಆಡಿಯೋ ತಂಟೆಗೆ ಹೋಗಬೇಡಿ, ಓದುವುದೇ ಸಲೀಸು.

ಇಂಗ್ಲಿಷ್ ಸಿನಿಮಾ ಎಲ್ಲಿ ಎಡವಿತು

ಕಾದಂಬರಿ ಅಂಗಡಿಗೆ ಬರುವ ಮೊದಲೇ, 2014ರಲ್ಲೇ, ಡ್ರೀಮ್‌ವರ್ಕ್ಸ್ ಕಂಪನಿ ಸಿನಿಮಾ ಹಕ್ಕು ತೆಗೆದುಕೊಂಡಿತ್ತು. ಪುಸ್ತಕ ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಯಿತು. 2016ರ ಅಕ್ಟೋಬರಿಗೆ ಸಿನಿಮಾ ತೆರೆಗೆ. ನಿರ್ದೇಶಕ ಟೇಟ್ ಟೇಲರ್, ಚಿತ್ರಕಥೆ ಎರಿನ್ ಕ್ರೆಸಿಡಾ ವಿಲ್ಸನ್, ರೇಚಲ್ ಪಾತ್ರಕ್ಕೆ ಎಮಿಲಿ ಬ್ಲಂಟ್. ಕಾಗದದ ಮೇಲೆ ಎಲ್ಲಾ ಸರಿ ಇದೆ. ದುಡ್ಡೂ ಬಂತು. ಸುಮಾರು 4.5 ಕೋಟಿ ಡಾಲರ್ ಖರ್ಚಿನ ಸಿನಿಮಾ 17 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆದರೂ ಓದಿದವರಲ್ಲಿ ಬಹಳ ಜನ ಸಪ್ಪೆ ಮುಖ ಮಾಡಿಕೊಂಡು ಎದ್ದರು, ವಿಮರ್ಶಕರೂ ಹೊಗಳಲಿಲ್ಲ.

ಎಲ್ಲರೂ ಮೊದಲು ತೆಗೆಯುವ ತಕರಾರು ಊರು ಬದಲಾಯಿಸಿದ್ದು. ಲಂಡನ್ ಹೋಗಿ ನ್ಯೂಯಾರ್ಕ್ ಬಂತು. ನನಗೆ ಊರು ಬದಲಾದದ್ದು ದೊಡ್ಡ ತಪ್ಪು ಅನ್ನಿಸುವುದಿಲ್ಲ, ಟ್ರೈನ್ ಎಲ್ಲಾ ಕಡೆ ಟ್ರೈನೇ. ತಪ್ಪು ಮನೆಗಳದ್ದು. ಪುಸ್ತಕದಲ್ಲಿ ಅವು ಹಳಿಗೆ ಅಂಟಿಕೊಂಡ, ಸಾಲಾಗಿರುವ, ಮಧ್ಯಮ ವರ್ಗದ ಮನೆಗಳು. ಟ್ರೈನ್ ಹೋದರೆ ಕಪ್ಪು ಬಸಿ ಅಲ್ಲಾಡಬೇಕು. ಒಳಗಿರುವವರಿಗೂ ರೇಚಲ್‌ಗೂ ನಡುವೆ ಅಂತರ ಬಹಳ ಕಡಿಮೆ, ಅದಕ್ಕೇ ಅವಳ ಹೊಟ್ಟೆ ಉರಿಯುತ್ತದೆ, ನಿನ್ನೆ ತನಕ ತಾನೂ ಅಲ್ಲೇ ಇದ್ದವಳು. ಸಿನಿಮಾದಲ್ಲಿ ಹಡ್ಸನ್ ನದಿ ಪಕ್ಕದ ದೊಡ್ಡ ದೊಡ್ಡ ಮನೆ, ಮರಗಿಡ, ಸೊಗಸಾದ ಬೆಳಕು. ಜಾಹೀರಾತಿನ ಮನೆಗಳ ಹಾಗೆ ಕಾಣುತ್ತವೆ. ಅಲ್ಲಿ ಯಾರು ಕಾಣೆಯಾದರೂ ನಮಗೇನು ಅನ್ನಿಸುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮರೆವಿನ ವಿಷಯದಲ್ಲಿ. ಮರೆವನ್ನು ಬರೆಯಬಹುದು, ತೋರಿಸುವುದು ಹೇಗೆ? ನೆನಪಿಲ್ಲ ಅಂತ ಬರೆದರೆ ಅಲ್ಲಿ ಕತ್ತಲು. ಕ್ಯಾಮೆರಾಗೆ ಕತ್ತಲು ಸಾಲದು, ಏನಾದರೂ ಬೇಕು. ಹಾಗಾಗಿ ಸಿನಿಮಾ ಮಸುಕು ಮಸುಕಾದ ಫ್ಲ್ಯಾಶ್‌ಬ್ಯಾಕ್ ಹಾಕುತ್ತದೆ, ಅದನ್ನೇ ಮತ್ತೆ ಮತ್ತೆ ಹಾಕುತ್ತದೆ, ಪ್ರತಿ ಸಲ ಒಂದು ಚೂರು ಜಾಸ್ತಿ ತೋರಿಸುತ್ತದೆ. ನಾಲ್ಕು ಥ್ರಿಲ್ಲರ್ ನೋಡಿದ ಪ್ರೇಕ್ಷಕನಿಗೆ ತಕ್ಷಣ ಲೆಕ್ಕ ಸಿಗುತ್ತದೆ. ಮುಖ ಕಾಣದ ಹಾಗೆ ತೋರಿಸುತ್ತಿದ್ದಾರೆ ಅಂದರೆ ಆ ಮುಖ ನಮಗೆ ಪರಿಚಯದ್ದೇ ಇರಬೇಕು ಅಲ್ವಾ? ಪಾತ್ರಗಳೂ ಬೆರಳೆಣಿಕೆಯಷ್ಟು. ಒಬ್ಬೊಬ್ಬರನ್ನೇ ಹೊಡೆದುಹಾಕುತ್ತಾ ಬಂದರೆ ಕೊನೆಗೆ ಉಳಿಯುವವರು ಯಾರು ಅಂತ ಇಂಟರ್‌ವಲ್ ಹೊತ್ತಿಗೆ ಗೊತ್ತಾಗುತ್ತದೆ. ಓದುವಾಗ ಇದೇ ಲೆಕ್ಕ ಹಾಕಲು ಪುರುಸೊತ್ತು ಸಿಗುವುದಿಲ್ಲ, ಯಾಕೆಂದರೆ ನಾವು ರೇಚಲ್‌ನ ನಾಚಿಕೆ, ಗಾಬರಿಯಲ್ಲೇ ಮುಳುಗಿರುತ್ತೇವೆ.

ನನಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಪುಸ್ತಕದಲ್ಲಿ ಇಲ್ಲದ ಒಂದು ಪಾತ್ರವನ್ನು ಸೇರಿಸಿ, ರೇಚಲ್ ಒದ್ದಾಡಿ ತಾನೇ ಕಂಡುಕೊಳ್ಳಬೇಕಾದ ಒಂದು ಸತ್ಯವನ್ನು ಅವರ ಬಾಯಿಂದ ಎರಡು ನಿಮಿಷದಲ್ಲಿ ಹೇಳಿಸಿಬಿಡುತ್ತಾರೆ. ಇಡೀ ಕಥೆ ಇರುವುದೇ ಒಬ್ಬ ಹೆಂಗಸು ತನ್ನ ನೆನಪನ್ನು ತಾನು ವಾಪಸ್ಸು ಪಡೆಯುವುದರಲ್ಲಿ. ಅದನ್ನು ಯಾರೋ ದಾರಿಯಲ್ಲಿ ಸಿಕ್ಕವರು ಕೈಗೆ ಕೊಟ್ಟರೆ ಇನ್ನೇನು ಉಳಿಯಿತು? 112 ನಿಮಿಷದಲ್ಲಿ ಮುಗಿಸಬೇಕು ಅನ್ನುವ ಅವಸರ ಅರ್ಥವಾಗುತ್ತದೆ. ಆದರೆ ಕತ್ತರಿ ಹಾಕಲು ಬೇರೆ ಜಾಗ ಬೇಕಾದಷ್ಟಿತ್ತು. ಮೇಗನ್ ಮತ್ತು ಅವಳ ಥೆರಪಿಸ್ಟ್ ನಡುವಿನ ದೃಶ್ಯಗಳನ್ನು ನೋಡಿ, ಗಾಜಿನ ಹಿಂದೆ ಕೂತು ನೋಡಿದ ಹಾಗೆ ತಣ್ಣಗಿವೆ.

ಒಳ್ಳೆಯದು ಏನೂ ಇಲ್ಲವಾ ಅಂದರೆ, ಇದೆ. ಎಮಿಲಿ ಬ್ಲಂಟ್. ಪುಸ್ತಕದ ರೇಚಲ್ ದಪ್ಪ ಆಗಿದ್ದಾಳೆ, ಮುಖ ಊದಿದೆ, ತನ್ನನ್ನು ಯಾರೂ ತಿರುಗಿ ನೋಡುವುದಿಲ್ಲ ಅಂತ ಕುಗ್ಗಿದ್ದಾಳೆ. ಬ್ಲಂಟ್ ಹಾಗಿಲ್ಲ, ಆ ಬಗ್ಗೆ ಓದುಗರು ಮೊದಲೇ ಗೊಣಗಿದ್ದರು. ಆದರೆ ಸಿನಿಮಾ ಶುರುವಾದ ಮೇಲೆ ಅವರ ಒಡೆದ ತುಟಿ, ಕೆಂಪು ಮೂಗು, ಕುಡಿದಿಲ್ಲ ಅಂತ ತೋರಿಸಿಕೊಳ್ಳಲು ಬೇಕಂತಲೇ ನಿಧಾನವಾಗಿ ಮಾತಾಡುವ ರೀತಿ ನೋಡಿದರೆ ಗೊಣಗಾಟ ನಿಲ್ಲುತ್ತದೆ. ಅಮೆರಿಕದಲ್ಲಿ ಬ್ರಿಟಿಷ್ ಉಚ್ಚಾರ ಹಾಗೇ ಇಟ್ಟುಕೊಂಡದ್ದರಿಂದ ಇನ್ನಷ್ಟು ಒಂಟಿಯಾಗಿ ಕಾಣುತ್ತಾಳೆ. ಈ ಪಾತ್ರಕ್ಕೆ ಬ್ರಿಟನ್ನಿನ ದೊಡ್ಡ ಸಿನಿಮಾ ಪ್ರಶಸ್ತಿಯಾದ ಬಾಫ್ಟಾಗೆ ನಾಮನಿರ್ದೇಶನವೂ ಸಿಕ್ಕಿತು. ಪೊಲೀಸ್ ಅಧಿಕಾರಿಯಾಗಿ ಆಲಿಸನ್ ಜಾನಿ ಬರುವ ದೃಶ್ಯಗಳಲ್ಲೂ ಜೀವ ಇದೆ.

ಇಲ್ಲಿ ಒಂದು ಮಾತು ಬರುತ್ತದೆ, ಇಂಥ ಕಾದಂಬರಿ ಸಿನಿಮಾಗೆ ಒಗ್ಗುವುದೇ ಇಲ್ಲ ಅಂತ. ನಾನು ಒಪ್ಪುವುದಿಲ್ಲ. ಗಾನ್ ಗರ್ಲ್ ಇಲ್ಲವಾ? 2012ರ ಕಾದಂಬರಿ, 2014ರ ಸಿನಿಮಾ. ಅಲ್ಲೂ ಕಾಣೆಯಾದ ಹೆಂಡತಿ, ಅಲ್ಲೂ ನಂಬಲಾಗದ ಮಾತು, ಅಲ್ಲೂ ಡೈರಿ. ಆದರೆ ಕಾದಂಬರಿ ಬರೆದ ಗಿಲಿಯನ್ ಫ್ಲಿನ್ ಅವರೇ ಚಿತ್ರಕಥೆ ಬರೆದರು, ನಿರ್ದೇಶಕ ಡೇವಿಡ್ ಫಿಂಚರ್. ಏನನ್ನು ಬಿಡಬೇಕು, ಯಾವುದನ್ನು ಮುಟ್ಟಲೇಬಾರದು ಅಂತ ಬರೆದವರಿಗೆ ಗೊತ್ತಿತ್ತು. ಫಿಂಚರ್ ಸಿನಿಮಾದಲ್ಲಿ ಒಂದು ಕ್ರೂರ ತಮಾಷೆಯೂ ಇದೆ, ಅದಕ್ಕೇ ಎರಡೂವರೆ ಗಂಟೆ ಹೋದದ್ದು ಗೊತ್ತಾಗುವುದಿಲ್ಲ. ಟೇಟ್ ಟೇಲರ್ ಸಿನಿಮಾ ಶುರುವಿನಿಂದ ಕೊನೆವರೆಗೂ ಮುಖ ಗಂಟು ಹಾಕಿಕೊಂಡೇ ಇರುತ್ತದೆ. ಪ್ರಚಾರದಲ್ಲಿ ಎರಡನ್ನೂ ಅಕ್ಕತಂಗಿಯರ ಹಾಗೆ ತೋರಿಸಿದ್ದರಿಂದ ನಿರೀಕ್ಷೆ ಇನ್ನೂ ಏರಿತ್ತು, ಬಿದ್ದಾಗ ಸದ್ದೂ ಜಾಸ್ತಿ ಆಯಿತು.

ಹಿಂದಿ ಸಿನಿಮಾ

2020ರಲ್ಲಿ ಥಿಯೇಟರಿಗೆ ಬರಬೇಕಿತ್ತು, ಕೊರೊನಾದಿಂದ ನಿಂತಿತು. 2021ರ ಫೆಬ್ರವರಿಯಲ್ಲಿ ನೇರ ನೆಟ್‌ಫ್ಲಿಕ್ಸಿಗೆ. ನಿರ್ದೇಶಕ ರಿಭು ದಾಸ್‌ಗುಪ್ತ. ತಮಾಷೆ ಅಂದರೆ ಹಾಲಿವುಡ್‌ನವರು ಲಂಡನ್ ಬಿಟ್ಟು ಓಡಿದರು, ಬಾಂಬೆಯವರು ಲಂಡನ್ನಿಗೇ ವಾಪಸ್ಸು ಹೋದರು. ಪರಿಣೀತಿ ಚೋಪ್ರಾ ಇಲ್ಲಿ ಮೀರಾ, ವಕೀಲೆ. ಅಪಘಾತದಲ್ಲಿ ಹೊಟ್ಟೆಯಲ್ಲಿದ್ದ ಮಗು ಹೋಗುತ್ತದೆ, ಮರೆವಿನ ಕಾಯಿಲೆ ಬರುತ್ತದೆ, ಕುಡಿತವೂ ಸೇರುತ್ತದೆ. ಕಾಣೆಯಾಗುವ ಹೆಂಗಸು ನುಸ್ರತ್ ಪಾತ್ರದಲ್ಲಿ ಅದಿತಿ ರಾವ್ ಹೈದರಿ. ತಲೆಗೆ ಪಗಡಿ ಸುತ್ತಿದ ಪೊಲೀಸ್ ಅಧಿಕಾರಿಯಾಗಿ ಕೀರ್ತಿ ಕುಲ್ಹಾರಿ.

ಕಾಯಿಲೆ ಸೇರಿಸಿದ್ದೇ ಮೊದಲ ಎಡವಟ್ಟು. ಕುಡಿದು ಮರೆತವಳಿಗೆ ತಾನೇ ಹೊಣೆ ಅನ್ನುವ ನಾಚಿಕೆ ಇರುತ್ತದೆ, ಆ ನಾಚಿಕೆಯನ್ನೇ ಬೇರೆಯವರು ಬಳಸಿಕೊಳ್ಳುತ್ತಾರೆ. ಕಾಯಿಲೆಯಿಂದ ಮರೆತರೆ ಅಯ್ಯೋ ಪಾಪ ಅಂದು ಸುಮ್ಮನಾಗುತ್ತೇವೆ. ನಾಯಕಿಯ ಮೇಲೆ ಅನುಮಾನ ಬರಬಾರದು ಅಂತ ಕಾಪಾಡಿದ್ದಾರೆ, ಅನುಮಾನವೇ ಇಲ್ಲದ ಮೇಲೆ ಈ ಕಥೆ ಎಲ್ಲಿ? ಮೂರು ಹೆಂಗಸರು ಹೇಳುವ ಕಥೆ ಕೂಡ ಇಲ್ಲಿ ಒಬ್ಬ ನಾಯಕಿಯ ಕಥೆ ಆಗುತ್ತದೆ. ಮಧ್ಯೆ ಹಾಡು. ಕಣ್ಣ ಕೆಳಗೆ ಹರಿದ ಕಾಡಿಗೆ, ಹಣೆಯ ಮೇಲೆ ರಕ್ತದ ಗಾಯ, ಅದನ್ನು ಹೊತ್ತುಕೊಂಡೇ ಅವಳು ಲಂಡನ್ ಸುತ್ತುತ್ತಿದ್ದರೆ ಯಾರಾದರೂ ಒಂದು ಬ್ಯಾಂಡೇಜ್ ಕೊಡಬಾರದಾ ಅನ್ನಿಸುತ್ತದೆ.

ಕೊನೆಯನ್ನು ಬದಲಾಯಿಸಿದ್ದಾರೆ. ಪುಸ್ತಕ ಓದಿದವರಿಗೂ ಗೊತ್ತಾಗಬಾರದು ಅನ್ನುವ ಉದ್ದೇಶ ಇರಬೇಕು. ಐಡಿಯಾ ಕೆಟ್ಟದ್ದಲ್ಲ. ಆದರೆ ಹೊಸ ತಿರುವಿಗೆ ಮೊದಲಿನಿಂದ ಬೀಜ ಬಿತ್ತಿರಬೇಕಲ್ಲ, ಅದು ಇಲ್ಲ. ಒಂದಾದ ಮೇಲೆ ಒಂದು ತಿರುವು ಬರುತ್ತವೆ, ಉಪ್ಪು ಕಡಿಮೆ ಆಯಿತು ಅಂತ ಸಾರಿಗೆ ಖಾರ ಸುರಿದ ಹಾಗೆ.

ಹಾಗಿದ್ದರೂ ಇದಕ್ಕೊಂದು ಅನುಕೂಲ ಇದೆ. ರಾಯಚೂರು, ಬಳ್ಳಾರಿ ಕಡೆ ಹಿಂದಿ ಉರ್ದು ಬಹಳ ಜನರಿಗೆ ಸಲೀಸು, ಇಂಗ್ಲಿಷ್ ಸಬ್‌ಟೈಟಲ್ ಹಿಂದೆ ಓಡುವುದು ಬೇಡ ಅನ್ನುವ ಅಣ್ಣ, ಅತ್ತಿಗೆ ಇದನ್ನು ಆರಾಮಾಗಿ ನೋಡುತ್ತಾರೆ. ಗೆಳೆಯರೆಲ್ಲ ಸೇರಿ ಕಾಲೆಳೆಯುತ್ತಾ ನೋಡಲು ನಿಜಕ್ಕೂ ಚೆನ್ನಾಗಿದೆ.

ಹಾಗಾದರೆ ಯಾರಿಗೆ ಯಾವುದು

ವಾರ ಹತ್ತು ದಿನ ಬಿಡುವು ಮಾಡಿಕೊಂಡು ಓದಬಲ್ಲವರಿಗೆ ಪುಸ್ತಕ, ಅದರಲ್ಲಿ ಚರ್ಚೆ ಇಲ್ಲ. ಓದಿದ ಮೇಲೆ ಇಂಗ್ಲಿಷ್ ಸಿನಿಮಾವನ್ನು ಎಮಿಲಿ ಬ್ಲಂಟ್‌ಗೋಸ್ಕರ ಒಂದು ಸಲ ನೋಡಬಹುದು, ಕಥೆಗೋಸ್ಕರ ಅಲ್ಲ. ಓದಿ ತಕ್ಷಣ ನೋಡಬೇಡಿ, ಕೆಲವು ತಿಂಗಳು ಬಿಟ್ಟು ನೋಡಿ, ಸಿಟ್ಟು ಕಡಿಮೆ ಬರುತ್ತದೆ.

ಓದುವ ಪೈಕಿ ಅಲ್ಲವೇ ಅಲ್ಲ, ಭಾನುವಾರದ ಎರಡು ಗಂಟೆ ಅಷ್ಟೇ ಇರುವುದು ಅನ್ನುವವರು ಇಂಗ್ಲಿಷ್ ಸಿನಿಮಾ ನೋಡಿ. ಪುಸ್ತಕ ಓದದವರಿಗೆ ಅದು ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ, ಇದು ನಮ್ಮ ಗುಂಪಿನಲ್ಲೇ ಕಂಡದ್ದು. ಮಕ್ಕಳ ಎದುರು ಮಾತ್ರ ಬೇಡ. ಹೊಡೆತ, ರಕ್ತ, ಮಲಗುವ ಕೋಣೆಯ ದೃಶ್ಯ ಎಲ್ಲಾ ಇವೆ, ಅಮೆರಿಕದಲ್ಲೇ ಅದಕ್ಕೆ ಆರ್ ಸರ್ಟಿಫಿಕೇಟ್, ಅಂದರೆ 17 ತುಂಬದವರು ದೊಡ್ಡವರ ಜೊತೆ ಇಲ್ಲದೆ ನೋಡುವಂತಿಲ್ಲ. ಒಳ್ಳೆ ಥ್ರಿಲ್ಲರ್ ಬೇಕು, ಇದೇ ಕಥೆ ಆಗಬೇಕಂತೇನಿಲ್ಲ ಅಂದರೆ ನೇರವಾಗಿ ಗಾನ್ ಗರ್ಲ್ ಹಾಕಿಕೊಳ್ಳಿ. ಅದೂ ಮಕ್ಕಳಿಗಲ್ಲ.

ಸಿನಿಮಾ ಆಗಲೇ ನೋಡಿಬಿಟ್ಟಿದ್ದೀರಾ? ಪುಸ್ತಕದ ಮಜಾ ಅರ್ಧ ಹೋಯಿತು, ಸುಳ್ಳು ಹೇಳುವುದಿಲ್ಲ. ಆದರೂ ಮೇಗನ್ ಭಾಗಗಳಿಗೋಸ್ಕರ ಓದಬಹುದು. ತೆರೆಯ ಮೇಲೆ ಅವಳು ಬರೀ ಚಂದದ, ದುಃಖದ ಮುಖ. ಪುಟದಲ್ಲಿ ಅವಳ ಹಿಂದಿನ ಜೀವನ ಪೂರ್ತಿ ಇದೆ, ಅದರಲ್ಲಿ ಒಂದು ಅಧ್ಯಾಯವನ್ನು ಓದಿ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹಿಂದಿಯದ್ದನ್ನು ಮಾತ್ರ ನೋಡಿದವರು ಲಾಭದಲ್ಲಿದ್ದೀರಿ, ನಿಮಗೆ ಪುಸ್ತಕದ ಕೊನೆ ಇನ್ನೂ ಹೊಸದಾಗೇ ಇದೆ.

ಫುಟ್‌ಪಾತಿನಲ್ಲಿ ಹಳೇ ಪ್ರತಿ ಕೊಳ್ಳುವಾಗ ಒಂದು ಎಚ್ಚರ. ಡೂಪ್ಲಿಕೇಟ್ ಪ್ರಿಂಟುಗಳಲ್ಲಿ ಅಕ್ಷರ ಮಸುಕಾಗಿದ್ದರೆ ತಾರೀಕುಗಳೇ ಕಾಣುವುದಿಲ್ಲ, ಈ ಪುಸ್ತಕಕ್ಕೆ ತಾರೀಕಿಲ್ಲದೆ ನಡೆಯುವುದಿಲ್ಲ. ಕೊನೆಯ ಇಪ್ಪತ್ತು ಪುಟ ಇವೆಯಾ ಅಂತಲೂ ಅಲ್ಲೇ ತಿರುವಿ ನೋಡಿ, ಕಣ್ಣು ಮುಚ್ಚಿಕೊಂಡಾದರೂ ಎಣಿಸಿ. ಇಲ್ಲ ಅಂದರೆ ಉಳಿದದ್ದನ್ನು ಹಿಂದಿ ಸಿನಿಮಾ ನೋಡಿ ತುಂಬಿಕೊಳ್ಳೋಣ ಅಂತ ಹೋಗಬೇಡಿ, ಅಲ್ಲಿ ಟ್ರೈನ್ ಬೇರೆ ಕಡೆಯೇ ಹೋಗಿ ನಿಲ್ಲುತ್ತದೆ.